ಹಾಜಿಯವರ ಮಾಳಿಗೆಯಲ್ಲಿ ಅಮೇರಿಕದ ಫೈನಲ್

ನಂಬಬೇಡಿ. ಮೊದಲೇ ಹೇಳ್ತೇನೆ, ನಂಬಬೇಡಿ. ಅಮೇರಿಕದ ಫುಟ್‌ಬಾಲ್ ಫೈನಲಿನ ಕೊನೆಯ ಆಟಕ್ಕೆ ಕಮೆಂಟ್ರಿ ಕೊಟ್ಟವ ನಾನು. ಕೊಟ್ಟದ್ದು ಅಮೇರಿಕದಲ್ಲಿ ಅಲ್ಲ, ಮಂಗಳೂರು ಬಂದರಿನ ಒಂದು ಜವಳಿ ಅಂಗಡಿಯ ಮಾಳಿಗೆಯಲ್ಲಿ, ಲುಂಗಿ ಉಟ್ಟುಕೊಂಡು, ಬೈಹುಲ್ಲಿನಲ್ಲಿ ಕಟ್ಟಿದ ಅಕ್ಕಿಮುಡಿಯ ಮೇಲೆ ಹತ್ತಿ ನಿಂತು. ಅಲ್ಲಿ ಆಟ ಮುಗಿದು ಒಂದೂವರೆ ತಿಂಗಳು ಆಗಿತ್ತು. ಆ ಆಟ ನಾನು ನೋಡಿರಲಿಲ್ಲ. ಆ ಆಟದ ಚೆಂಡನ್ನೂ ನೋಡಿರಲಿಲ್ಲ. ಆದರೂ ಹುಟ್ಟಿದಲ್ಲಿಂದ ಅದನ್ನೇ ನೋಡಿ ಬೆಳೆದ ಅಮೇರಿಕದವನೊಬ್ಬ ನನ್ನ ಎದುರು ನಿಂತು ಉಗುರು ಕಚ್ಚುತ್ತಾ ಕೇಳಿದ್ದಾನೆ.

ನೀವು ಈಗ ಎಂತ ಹೇಳ್ತೀರಿ ಅಂತ ಗೊತ್ತುಂಟು. "ಮುದುಕ ಲೊಟ್ಟೆ ಬಿಡ್ತಾನೆ." ಸುಳ್ಳು ಬಿಡ್ತೇನೆ ಮಾರಾಯ್ರೆ. ಎಂಬತ್ತು ದಾಟಿತು, ಬಿಡ್ತಾ ಇದ್ದೇನೆ. ಆದರೆ ಈ ಕತೆಯಲ್ಲಿ ಒಂದೇ ಒಂದು ಲೊಟ್ಟೆ ಇರುವುದು. ಯಾವುದು ಅಂತ ಕೊನೆಗೆ ನಾನೇ ಹೇಳ್ತೇನೆ. ಅದಕ್ಕೆ ಮೊದಲು ನೀವೇ ಹಿಡಿದರೆ ನಿಮಗೊಂದು ಐಸ್‌ಕ್ರೀಮು ನನ್ನ ಲೆಕ್ಕದಲ್ಲಿ. ಇಷ್ಟು ವರ್ಷದಲ್ಲಿ ಯಾರಿಗೂ ಕೊಡುವ ಪ್ರಸಂಗ ಬರಲಿಲ್ಲ.

ಆಗ ನನಗೆ ಇಪ್ಪತ್ತಾರು. ಹೆಂಚು ಹಡಗಿಗೆ ಹತ್ತಿಸುವ ಒಂದು ಆಫೀಸಿನಲ್ಲಿ ಗುಮಾಸ್ತ. ಅದು ಹೊಟ್ಟೆಪಾಡು. ನನ್ನ ನಿಜವಾದ ಉದ್ಯೋಗ ಬಾಯಿ. ಮೈದಾನದಲ್ಲಿ ಫುಟ್‌ಬಾಲ್ ಫೈನಲ್ ಆದರೆ ಬೆಂಚಿನ ಮೇಲೆ ಹತ್ತಿ, ತಗಡಿನ ಕೊಳವೆ ಹಿಡಿದು, ಮೂರು ಭಾಷೆಯಲ್ಲಿ ಕಮೆಂಟ್ರಿ ಕೊಡ್ತಿದ್ದವ ನಾನು. ಆಡುವವರಿಗಿಂತ ಹೆಚ್ಚು ಚಪ್ಪಾಳೆ ನನಗೆ ಬೀಳ್ತಿತ್ತು. ಚೆಂಡು ಎಲ್ಲಿ ಉಂಟು ಅಂತ ಜನ ನೋಡ್ತಿರಲಿಲ್ಲ, ನಾನು ಎಲ್ಲಿ ಉಂಟು ಅಂತೇನೆ ಅಂತ ಕೇಳ್ತಿದ್ದರು. ಮತ್ತೆ ಕುಶಾಲು. ಈಗ ಲಾರಿ ಬಸ್ಸುಗಳ ಎಡೆಯಲ್ಲಿ ರಸ್ತೆ ದಾಟಲಿಕ್ಕೆ ಅರ್ಧ ಗಂಟೆ ಬೇಕಾಗುವ ನಂತೂರು ಆಗ ಬರೇ ಗೇರುಮರದ ಗುಡ್ಡೆ. ಅಲ್ಲಿ ದಾರಿ ತಪ್ಪಿ ಒಂದು ವಿಮಾನ ಇಳಿದಿದೆ ಅಂತ ಒಂದು ಬೆಳಗ್ಗೆ ನಾನು ಒಬ್ಬನಿಗೆ ಹೇಳಿದ್ದು, ಒಬ್ಬನಿಗೇ. ಮಧ್ಯಾಹ್ನದ ಒಳಗೆ ಅರ್ಧ ಬಂದರು ಗುಡ್ಡೆ ಹತ್ತಿತ್ತು. ಕೊನೆಗೆ ನನಗೇ ಸಂಶಯ ಬಂದು ನಾನೂ ಹತ್ತಿದೆ.

ಇಂಥ ನನ್ನ ಬಾಯಲ್ಲಿ ನಲವತ್ತೊಂದು ದಿನ ಒಂದು ಗುಟ್ಟು ನಿಂತಿತು. ಕತೆ ಅದರದ್ದೇ.

ಅಮೇರಿಕ ಸರ್ಕಾರ ಆಗ ನಮಗೆ ಕೋಳಿ ಸಾಕುವುದು ಕಲಿಸಲಿಕ್ಕೆ ಅಂತ ಯುವಕರನ್ನು ಕಳಿಸ್ತಿತ್ತು. ಅದರಲ್ಲಿ ಒಬ್ಬ ನಮ್ಮ ಪಾಲಿಗೆ ಬಂದ. ಇಪ್ಪತ್ತಮೂರು ವಯಸ್ಸು, ಆರು ಅಡಿಗೆ ಮೇಲೆ, ಬಿಸಿಲಿಗೆ ಬೇಯಿಸಿದ ಸಿಗಡಿಯ ಬಣ್ಣ. ದೇರೆಬೈಲಿನಲ್ಲಿ ಒಬ್ಬರು ಧಣಿಗಳ ಹಿತ್ತಲ ಕೋಣೆಯಲ್ಲಿ ಅವನ ಬಿಡಾರ. ಬಿಳಿ ಕೋಳಿಗಳ ಪೆಟ್ಟಿಗೆ ಇಳಿಸಿ ಅವನು ಧಣಿಗಳಿಗೆ ಅರ್ಧ ಗಂಟೆ ಮೊಟ್ಟೆಯ ಲೆಕ್ಕ ಹೇಳಿದನಂತೆ. ಧಣಿಗಳು ಪೂರಾ ಕೇಳಿ, ಒಂದು ಹುಂಜವನ್ನು ಎತ್ತಿ ಕಾಲು ತಿರುವಿ ನೋಡಿ, "ಇದು ಕೋಳಿ ಅಂಕದಲ್ಲಿ ಕಾದಾಡುತ್ತದಾ?" ಅಂತ ಕೇಳಿದರಂತೆ. ಅಂದಿನಿಂದ ಅವನ ಹೆಸರು ಕೋಳಿ ದೊರೆ. ನಾವು ದೊರೆ ಅಂತಲೇ ಕರೆಯುವುದು. ಅವನ ಕನ್ನಡ ಪುಸ್ತಕದ್ದು. ತುಳು, ಬ್ಯಾರಿ ಮನೆಮಾತಿನ ನಮಗೂ ಕನ್ನಡ ಬಂದದ್ದು ಶಾಲೆಯಲ್ಲೇ ಆದ್ದರಿಂದ ಯಾರೂ ನಗಲಿಲ್ಲ. "ನಾನು ಈಗ ಬಹಳ ಹಸಿದಿದ್ದೇನೆ" ಅಂತ ಅವನು ಹೋಟೆಲಿನಲ್ಲಿ ನಿಂತು ಹೇಳಿದರೆ ನಾಟಕ ನೋಡಿದ ಹಾಗೆ ಆಗ್ತಿತ್ತು, ಅಷ್ಟೆ.

ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ ನಾವೆಲ್ಲ ಸೇರುವುದು ಬಂದರಿನಲ್ಲಿ, ಹಾಜಿಯವರ ಮಾಳಿಗೆಯಲ್ಲಿ. ಹಾಜಿಯವರು ಅಂದರೆ ಬ್ಯಾರಿ ಜವಳಿ ವ್ಯಾಪಾರಿ. ಕೆಳಗೆ ಅಂಗಡಿ, ಮೇಲೆ ಇಪ್ಪತ್ತು ಗಜ ಉದ್ದದ ಮಾಳಿಗೆ, ಒಂದು ಕಡೆ ಗೋಡೆ, ಇನ್ನೊಂದು ಕಡೆ ಬಾಗಿಲು, ಬಾಗಿಲಿನ ಆಚೆ ಮೆಟ್ಟಿಲು. ಅವರ ತಮ್ಮ ಬಹರೈನಿನಲ್ಲಿ ಕೆಲಸಕ್ಕಿದ್ದ. ಅಲ್ಲಿಂದ ಅವನು ತಂದ ಟೇಪ್‌ರೆಕಾರ್ಡರು ಅಲ್ಲಿ ಒಂದು ಮೇಜಿನ ಮೇಲೆ ಜರಿ ಬಟ್ಟೆ ಹೊದ್ದು ಕೂತಿರ್ತಿತ್ತು, ಮದುಮಗಳ ಹಾಗೆ. ಎರಡು ದೊಡ್ಡ ಚಕ್ರ, ಎಡೆಯಲ್ಲಿ ಕಂದು ಪಟ್ಟಿ. ಊರಲ್ಲಿ ಅಂಥದ್ದು ಎಷ್ಟು ಇತ್ತು ಅಂತ ಬೆರಳು ಮಡಚಿ ಹೇಳಬಹುದಿತ್ತು.

ಮಾಳಿಗೆಯಲ್ಲಿ ಒಂದೇ ವಿಷಯ: ಯಾವ ಫೈನಲ್ ದೊಡ್ಡದು. ಹಾಜಿಯವರದ್ದು ಒಂದು ಮಳೆಯ ಫೈನಲ್. ಚೆಂಡು ಗೋಲಿನ ಎದುರು ನೀರಲ್ಲಿ ತೇಲ್ತಾ ನಿಂತಿತ್ತು, ಬರಿಗಾಲಿನ ಹನ್ನೊಂದು ಜನ ಬೂಟು ಹಾಕಿದ ಹನ್ನೊಂದು ಜನರನ್ನು ಕೆಸರಲ್ಲಿ ಹೂತು ಹಾಕಿದ್ದರು. ಧಣಿಗಳಿಗೆ ಹಾಜಿಯವರು ಯಾವುದು ಹೇಳಿದರೂ ಅದಲ್ಲ. "ಆಟ ಅಂದ ಮೇಲೆ ಎದುರಿಗೆ ಒಬ್ಬ ಬೇಡವಾ?" ಅಂತ ಅವರ ಸಿದ್ಧಾಂತ. ಒಂದು ಭಾನುವಾರ ದೊರೆಯನ್ನು ಕೇಳಿದೆವು, "ನಿಮ್ಮ ಊರಲ್ಲಿ ಫೈನಲ್ ಉಂಟಾ?"

ಅಲ್ಲಿವರೆಗೆ ಮೆತ್ತಗೆ ಚಾ ಕುಡೀತಿದ್ದ ಮನುಷ್ಯ ಎದ್ದು ನಿಂತ. ಕೆಳಗೆ ಹೋಗಿ ಹಿತ್ತಲಿನಿಂದ ಒಂದು ಸಿಪ್ಪೆ ತೆಗೆಯದ ತೆಂಗಿನಕಾಯಿ ತಂದ. "ಇದು ಚೆಂಡು," ಅಂದ. ನಾವು ಅವನ ಮುಖ ನೋಡಿದೆವು. ಅವನು ಕುಶಾಲು ಮಾಡ್ತಿರಲಿಲ್ಲ. ಅವರ ಫುಟ್‌ಬಾಲ್‌ನಲ್ಲಿ ಚೆಂಡು ತೆಂಗಿನಕಾಯಿಯ ಆಕಾರ, ಅದನ್ನು ಕಂಕುಳಲ್ಲಿ ಇಟ್ಟು ಓಡುವುದು, ಇಲ್ಲದಿದ್ದರೆ ಕೈಯಲ್ಲಿ ಎಸೆಯುವುದು, ಕಾಲಲ್ಲಿ ಒದೆಯುವುದು ಅಪರೂಪಕ್ಕೆ. ಮೈದಾನದ ಉದ್ದ ನೂರು ಗಜ. ನಾಲ್ಕು ಚಾನ್ಸಿನಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಚಾನ್ಸು, ಇಲ್ಲದಿದ್ದರೆ ಚೆಂಡು ಎದುರಿನವರಿಗೆ. ಹೀಗೆ ಹೋಗಿ ಹೋಗಿ ಕೊನೆಯ ಗೆರೆ ದಾಟಬೇಕು.

"ಗಜ?" ಹಾಜಿಯವರು ನೆಟ್ಟಗೆ ಕೂತರು. "ಗಜ ಅಂದರೆ ನಮ್ಮ ಗಜವಾ? ಮೀಟರು ಅಲ್ಲ?"

"ಗಜ. ಮೂರು ಅಡಿ."

"ಅಮೇರಿಕದಲ್ಲಿ ಇನ್ನೂ ಗಜ ಉಂಟಾ? ಒಳ್ಳೆ ದೇಶ."

ಸರ್ಕಾರ ಮೀಟರು ತಂದಲ್ಲಿಂದ ಹಾಜಿಯವರ ಕಬ್ಬಿಣದ ಗಜಕೋಲು ಅಟ್ಟದಲ್ಲಿ ಬಿದ್ದಿತ್ತು. ಅಪ್ಪನ ಕಾಲದ್ದು. ಅವತ್ತು ಅದನ್ನು ಇಳಿಸಿ ಧೂಳು ಒರೆಸಿದರು. ಅಲ್ಲಿಗೆ ಅವರು ಅಮೇರಿಕದ ಫುಟ್‌ಬಾಲಿನ ಮುಳುಗಿದ ಅಭಿಮಾನಿ. ದೊರೆಯ ಊರಿನ ತಂಡ ನಮ್ಮವರು ಆಯ್ತು. ಧಣಿಗಳು ತಡಮಾಡದೆ ಎದುರಿನ ತಂಡ ಸೇರಿದರು, ಅದು ಯಾವುದು ಅಂತ ಕೇಳದೆ.

ಆ ವರ್ಷ ನಮ್ಮವರು ಫೈನಲಿಗೆ ಬಂದರು. ದೊರೆ ಹೇಳಿದ್ದು ಇಷ್ಟು: ಚಿಕ್ಕಂದಿನಿಂದ ಪ್ರತಿ ಫೈನಲನ್ನು ಅವನೂ ಅವನ ಅಪ್ಪನೂ ಒಂದೇ ಕೋಣೆಯಲ್ಲಿ ಕೂತು ಕೇಳಿದ್ದು. ಇದು ಮೊದಲ ಸಲ ಅವನಿಲ್ಲದೆ. ಅದಕ್ಕೆ ಅಪ್ಪ ರೇಡಿಯೋದ ಪಕ್ಕ ಟೇಪ್ ಇಟ್ಟು ಇಡೀ ಆಟವನ್ನು ಹಿಡಿದು ಹಡಗಿನಲ್ಲಿ ಕಳಿಸ್ತಾನೆ. ಬರಲಿಕ್ಕೆ ಒಂದೂವರೆ ತಿಂಗಳು. "ಅದುವರೆಗೆ ಯಾರು ಗೆದ್ದರು ಎಂದು ನನಗೆ ತಿಳಿಯಬಾರದು. ತಿಳಿದರೆ ಅದು ಬರೀ ಹಳೆಯ ಸುದ್ದಿ. ತಿಳಿಯದಿದ್ದರೆ ನಾನು ನನ್ನ ತಂದೆಯ ಜೊತೆ ಆಟ ಕೇಳುತ್ತಿದ್ದೇನೆ." ಪುಸ್ತಕದ ಕನ್ನಡದಲ್ಲಿ ಹೇಳಿದ್ದರಿಂದಲೋ ಎಂತಲೋ, ಹಾಜಿಯವರು ಎದ್ದು ಹೋಗಿ ಟೇಪ್‌ರೆಕಾರ್ಡರಿನ ಜರಿ ಬಟ್ಟೆ ಸರಿಮಾಡಿದರು.

ಬಂದರು ಅದನ್ನು ಮನೆಯ ಮದುವೆಯ ಹಾಗೆ ಹಿಡಿದುಕೊಂಡಿತು. ಹೋಟೆಲಿನವನು ಇಂಗ್ಲಿಷ್ ಪೇಪರಿನ ಆಟದ ಪುಟವನ್ನು ಬೆಳಗ್ಗೆಯೇ ತೆಗೆದು ಗಲ್ಲಾದ ಅಡಿಗೆ ಇಡ್ತಿದ್ದ. ದೊರೆ ಬರುವುದು ಕಂಡರೆ ಕ್ಷೌರದ ಅಂಗಡಿಯ ರೇಡಿಯೋ ಬಂದ್ ಆಗ್ತಿತ್ತು. ಆ ರೇಡಿಯೋದಲ್ಲಿ ಅಮೇರಿಕದ ಫುಟ್‌ಬಾಲ್ ಯಾವ ಕಾಲಕ್ಕೂ ಬರ್ತಿರಲಿಲ್ಲ, ಅದು ಬೇರೆ ಮಾತು.

ನಮ್ಮ ಆಫೀಸಿಗೆ ಮದ್ರಾಸಿನ ಪೇಪರು ಬರ್ತಿತ್ತು. ಮೊದಲು ಬಿಡಿಸುವವ ನಾನು. ಫೈನಲ್ ಆಗಿ ಎರಡನೇ ದಿನವೋ ಮೂರನೇ ದಿನವೋ, ಆಟದ ಪುಟದ ಅಡಿ ಮೂಲೆಯಲ್ಲಿ ಎರಡು ಸಾಲು. ಯಾರು ಗೆದ್ದರು, ಎಷ್ಟು ಪಾಯಿಂಟಿನಿಂದ. ಅಷ್ಟೆ. ನಾನು ಓದಿದೆ. ಓದಬಾರದಿತ್ತು. ಆದರೆ ಕಣ್ಣು ನನ್ನ ಮಾತು ಕೇಳುವ ಪೈಕಿ ಅಲ್ಲ. ಯಾರು ಗೆದ್ದದ್ದು ಅಂತ ನಿಮಗೂ ಈಗ ಹೇಳುವುದಿಲ್ಲ. ಅವನಿಗೇ ಹೇಳದ್ದನ್ನು ನಿಮಗೆ ಯಾಕೆ ಹೇಳಲಿ?

ನಾನು ಆ ಸಾಲುಗಳನ್ನು ಬ್ಲೇಡಿನಲ್ಲಿ ಕೊಯ್ದು, ಹರಿದು, ನುಂಗಿದೆ. ಹೌದು, ನುಂಗಿದೆ, ಬೆಲ್ಲದ ಜೊತೆ. ಆಮೇಲೆ ನನಗೆ ಗೊತ್ತುಂಟು ಅಂತ ಮಾತ್ರ ಊರಿಗೆ ಸಾರಿದೆ. ಅಷ್ಟೂ ಸಾರದೆ ಇದ್ದರೆ ನಾನು ಹೊಟ್ಟೆ ಒಡೆದು ಸಾಯ್ತಿದ್ದೆ. ಧಣಿಗಳು ನನಗೆ ಮಸಾಲೆ ದೋಸೆ ತಿನ್ನಿಸಿ ಕೇಳಿದರು. ದೋಸೆ ತಿಂದೆ, ಹೇಳಲಿಲ್ಲ. ಇನ್ನೊಂದು ತಿನ್ನಿಸಿದರು. ಅದನ್ನೂ ತಿಂದೆ. ಯಾರಿಗೂ ಹೇಳಲಿಲ್ಲ. ಆ ನಲವತ್ತೊಂದು ದಿನದಲ್ಲಿ ನನಗೆ ಬಂದರಿನಲ್ಲಿ ಇದ್ದ ಮರ್ಯಾದೆ ಮದುವೆಯ ದಿನ ಕೂಡ ಇರಲಿಲ್ಲ.

ಆದರೆ ಬರೇ ಗುಟ್ಟು ಇಟ್ಟುಕೊಂಡು ಕೂತರೆ ನಾನು ನಾನಾಗುವುದು ಹೇಗೆ? ಸೋಮವಾರ ದೊರೆ ಎದುರು ಸಿಕ್ಕಿದರೆ ಸಾವಿನ ಮನೆಯಿಂದ ಬಂದವನ ಹಾಗೆ ಮುಖ ಇಳಿಸಿ, ಅವನ ಭುಜ ತಟ್ಟಿ, ನಿಟ್ಟುಸಿರು ಬಿಟ್ಟು ಹೋಗುವುದು. ಅವನ ಸಿಗಡಿ ಬಣ್ಣ ಹೋಗಿ ಬೂದಿ ಬಣ್ಣ ಬರ್ತಿತ್ತು. ಮಂಗಳವಾರ ಒಂದು ಪೊಟ್ಟಣ ಲಾಡು ಕೊಟ್ಟು ಸಿಳ್ಳೆ ಹಾಕುತ್ತಾ ಹೋಗುವುದು. ಬುಧವಾರ ಎರಡೂ ಅಲ್ಲದ ಒಂದು ಮುಖ. ಅವನು ಕೊನೆಗೆ ನನ್ನ ಕಂಡರೆ ಕಣ್ಣು ಮುಚ್ಚಿ, ಕಿವಿಗೆ ಕೈ ಇಟ್ಟು ರಸ್ತೆ ದಾಟ್ತಿದ್ದ. ಒಮ್ಮೆ ಹಾಗೆ ದಾಟುವಾಗ ಎತ್ತಿನಗಾಡಿಗೆ ಹೊಡೆದುಕೊಂಡ. ಗಾಡಿಯವನು ಅವನಿಗೆ ಬೈಯಲಿಲ್ಲ, ನನಗೆ ಬೈದ.

ಟೇಪು ಬಂತು. ಎರಡು ದೊಡ್ಡ ಸುರುಳಿ, ಜೊತೆಗೆ ಅಪ್ಪನ ಕಾಗದ: ಆಟದ ಬಗ್ಗೆ ಒಂದಕ್ಷರವೂ ಬರೆಯುವುದಿಲ್ಲ, ಎಲ್ಲ ಇದರಲ್ಲೇ ಉಂಟು.

ಆ ಭಾನುವಾರ ಮಾಳಿಗೆ ತುಂಬಿತು. ಮೆಟ್ಟಿಲಲ್ಲಿ ಸಹ ಜನ. ದೊರೆ ಇಸ್ತ್ರಿ ಹಾಕಿದ ಅಂಗಿ ಹಾಕಿಕೊಂಡು ಬಂದಿದ್ದ. ಹಾಜಿಯವರು ಬಿಳಿ ಮಲ್ಲು ಬಟ್ಟೆಯ ಒಂದು ಇಡೀ ಥಾನು ಮತ್ತು ಗಜಕೋಲು ಹಿಡಿದು ಗೋಡೆಯ ಬುಡದಲ್ಲಿ ಕೂತರು.

"ಇದೆಂತಕ್ಕೆ ಹಾಜಿಯವರೇ?" ಅಂದರು ಧಣಿಗಳು. "ಸೋತವರಿಗೆ ಹೊದಿಸಲಿಕ್ಕಾ?"

"ನಿಮ್ಮ ಅಳತೆ ಸಹ ತೆಗೆದು ಇಡ್ತೇನೆ, ಸುಮ್ಮನೆ ಕೂತ್ಕೊಳ್ಳಿ."

ಅವರ ಉಪಾಯ ಇದು. ನಮ್ಮವರು ಎಷ್ಟು ಗಜ ಮುಂದೆ ಹೋದರೆ ಅಷ್ಟು ಬಟ್ಟೆ ಗೋಡೆಯಿಂದ ಬಾಗಿಲ ಕಡೆಗೆ ಬಿಚ್ಚುವುದು, ಹಿಂದೆ ಬಂದರೆ ಸುತ್ತುವುದು. ಮೈದಾನ ನೂರು ಗಜ, ಮಾಳಿಗೆ ಇಪ್ಪತ್ತು. ಅದಕ್ಕೆ ಇಪ್ಪತ್ತು ಆದ ಕೂಡಲೇ ಪೂರಾ ಸುತ್ತಿ ಮತ್ತೆ ಗೋಡೆಯಿಂದ ಶುರು. ಕೊನೆಯ ಇಪ್ಪತ್ತಕ್ಕೆ ಬಂದಾಗ ಬಾಗಿಲಿನ ಹೊಸ್ತಿಲೇ ಗೆಲುವಿನ ಗೆರೆ. ಇಂಥ ಬುದ್ಧಿ ಅಮೇರಿಕದಲ್ಲಿ ಯಾರಿಗಾದರೂ ಬಂದಿದ್ದರೆ ತೋರಿಸಿ.

ಗುಂಡಿ ಒತ್ತಿದರು. ಮೊದಲು ಗರಗರ, ಆಮೇಲೆ ಸಮುದ್ರದ ಹಾಗೆ ಜನರ ಬೊಬ್ಬೆ, ಅದರ ಮೇಲೆ ಒಬ್ಬ ಬಾಯಲ್ಲಿ ಬಿಸಿ ಗೆಣಸು ಇಟ್ಟುಕೊಂಡವನ ಹಾಗೆ ಇಂಗ್ಲಿಷು ಮಾತಾಡ್ತಾ ಇದ್ದಾನೆ. ನಮಗೆ ಒಂದು ಶಬ್ದ ಹಿಡಿಯಲಿಲ್ಲ. ದೊರೆ ಕಣ್ಣು ಮುಚ್ಚಿ, ಕೇಳಿ ಕೇಳಿ ಕನ್ನಡ ಮಾಡ್ತಿದ್ದ.

"ನಮ್ಮವನು ಚೆಂಡನ್ನು ಹಿಡಿದುಕೊಂಡಿದ್ದಾನೆ. ಅವನು ಓಡುತ್ತಿದ್ದಾನೆ. ಅವನು ಈಗ ಓಡುತ್ತಿಲ್ಲ. ಅವನ ಮೇಲೆ ಆರು ಜನ ಮಲಗಿದ್ದಾರೆ."

"ಎಷ್ಟು ಗಜ?" ಹಾಜಿಯವರು.

"ನಾಲ್ಕು."

ಸರ್ ಸರ್ ಅಂತ ಬಟ್ಟೆ ಬಿಚ್ಚಿತು. ಮಾಳಿಗೆಯ ಜನ ಹೋ ಅಂದರು. ಈಗ ಎಲ್ಲರಿಗೂ ಕಾಣ್ತದೆ, ನಮ್ಮವರು ಎಲ್ಲಿದ್ದಾರೆ ಅಂತ. ಬೊಬ್ಬೆ ಟೇಪಿನಿಂದ ಬರ್ತದಾ ಮೆಟ್ಟಿಲಿನಿಂದ ಬರ್ತದಾ ಗೊತ್ತಾಗದ ಹಾಗೆ ಆಯ್ತು. ಎದುರಿನವರು ಚೆಂಡು ಕಸಿದರೆ ಧಣಿಗಳು ಎದ್ದು ನಿಂತು ಸುತ್ತಲೂ ನೋಡಿ ಮೀಸೆ ಒರೆಸುವರು. ಎಡೆಎಡೆಯಲ್ಲಿ ರೇಡಿಯೋದ್ದಲ್ಲದ ಇನ್ನೊಂದು ದನಿ, ಹತ್ತಿರದಿಂದ. ಒಂದು ಕುರ್ಚಿ ಕಿರುಗುಟ್ಟುವುದು, ಯಾರೋ ಕೆಮ್ಮುವುದು, ಗೊಣಗುವುದು. ಅದು ಬಂದಾಗ ದೊರೆ ಕನ್ನಡ ಮಾಡುವುದು ನಿಲ್ಲಿಸ್ತಿದ್ದ.

"ಅಪ್ಪನಾ?" ಕೇಳಿದರು ಹಾಜಿಯವರು.

ಅವನು ತಲೆ ಆಡಿಸಿದ.

"ಎದೆಯಲ್ಲಿ ಕಫ ಉಂಟು. ಕರಿಮೆಣಸಿನ ಕಷಾಯ ಕುಡೀಲಿಕ್ಕೆ ಬರಿ."

ಅರ್ಧ ಆಟ ಆಗುವಾಗ ಒಂದು ಗಲಾಟೆ ಎದ್ದಿತು. ದೊರೆ ಹದಿನಾರು ಗಜ ಅಂದ, ಬಟ್ಟೆ ನೋಡಿದರೆ ಹದಿನಾರೂವರೆಯ ಹತ್ತಿರ ಉಂಟು. ಧಣಿಗಳು ಬಗ್ಗಿ ನೋಡಿ ಸಂತೋಷದಿಂದ ಬೊಬ್ಬೆ ಹಾಕಿದರು.

"ಮೋಸ. ಹಾಜಿಯವರು ಕೊಸರು ಹಾಕ್ತಾ ಇದ್ದಾರೆ."

ನೋಡಿದರೆ ಹೌದು. ಹಾಜಿಯವರ ಅಂಗಡಿಯಲ್ಲಿ ಗಜದ ಕಾಲದಿಂದ ಬಂದ ಒಂದು ಕ್ರಮ. ಪ್ರತಿ ಗಜ ಅಳೆದ ಮೇಲೆ ಹೆಬ್ಬೆರಳಷ್ಟು ಬಟ್ಟೆ ಮೇಲಿಂದ ಜಾರಿಸಿ ಬಿಡುವುದು, ಗಿರಾಕಿಗೆ ಕೊಸರು. ಆ ಹೆಬ್ಬೆರಳಿಗಾಗಿಯೇ ಉಳ್ಳಾಲದಿಂದ ಹೊಳೆ ದಾಟಿ ಹೆಂಗಸರು ಬರ್ತಿದ್ದರು. ಕೈಗೆ ಅದೇ ಅಭ್ಯಾಸ. ನಮ್ಮವರ ಪ್ರತಿ ಗಜಕ್ಕೂ ಒಂದು ಹೆಬ್ಬೆರಳು ಸೇರ್ತಾ ಇತ್ತು.

"ಆಟದಲ್ಲಿ ಕೊಸರು ಇಲ್ಲ ಹಾಜಿಯವರೇ," ಅಂದ ದೊರೆ.

"ಕೊಸರು ಇಲ್ಲದೆ ಅಳೆಯಲಿಕ್ಕೆ ನನಗೆ ಬರುವುದಿಲ್ಲ ದೊರೆ. ಕೈ ನಿಲ್ಲುವುದಿಲ್ಲ. ಗೋಡೆಗೆ ವಾಪಸು ಬಂದಾಗ ಸರಿ ಆಗ್ತದಲ್ಲ, ಬಿಡು."

ಧಣಿಗಳು ಒಪ್ಪಲಿಲ್ಲ. ಅವರು ಒಪ್ಪುವುದು ಯಾರಿಗೂ ಬೇಕಾಗಿರಲಿಲ್ಲ. ಆಟ ಮುಂದೆ ಹೋಯ್ತು.

ನಡುವೆ ಬ್ಯಾಂಡು ಬಂತು. ಅಲ್ಲಿ ಅರ್ಧ ಆಟ ಆದ ಮೇಲೆ ಮೈದಾನದಲ್ಲಿ ಬ್ಯಾಂಡು ಬಾರಿಸ್ತಾರಂತೆ. ಅಪ್ಪ ಅದನ್ನೂ ಪೂರಾ ಹಿಡಿದಿದ್ದ. ಮದುವೆಗೆ ಬಾಡಿಗೆಗೆ ಹೋಗುವ ನಮ್ಮ ಬ್ಯಾಂಡಿನವರು ಇಬ್ಬರು ಮೆಟ್ಟಿಲಲ್ಲಿ ಇದ್ದರು. ಅವರು ಮಾತ್ರ ಕಿವಿ ಕೊಟ್ಟು ಕೇಳಿ, "ಕ್ಲಾರಿನೆಟ್ಟು ಸಾಲದು" ಅಂತ ತೀರ್ಪು ಕೊಟ್ಟರು. ಎರಡನೇ ಸುರುಳಿ ಹಾಕಿದೆವು.

ಕೊನೆಯ ಭಾಗ ಹೇಗಿತ್ತು ಅಂತ ಹೇಳಲಿ. ನಮ್ಮವರು ನಾಲ್ಕು ಪಾಯಿಂಟು ಹಿಂದೆ. ದೊರೆ ವಿವರಿಸಿದ: ಕಾಲಲ್ಲಿ ಒದ್ದು ಕಂಬದ ಎಡೆಯಲ್ಲಿ ಹಾಕಿದರೆ ಮೂರೇ ಸಿಗುವುದು, ಸಾಲದು. ಗೆರೆಯನ್ನೇ ದಾಟಬೇಕು, ಅದಕ್ಕೆ ಆರು. ಸಮಯ ಕೈಯಲ್ಲಿ ಇಲ್ಲ. ನಮ್ಮವರು ತಮ್ಮ ಗೋಡೆಯಿಂದ ಹೊರಟರು. ಒಂದು ಇಪ್ಪತ್ತು ದಾಟಿತು, ಹಾಜಿಯವರು ಸುತ್ತಿದರು. ಇನ್ನೊಂದು ಇಪ್ಪತ್ತು. ಮತ್ತೊಂದು, ಮಗದೊಂದು. ಹಾಜಿಯವರ ಅಂಗಿ ಬೆನ್ನಿಗೆ ಅಂಟಿತ್ತು. ಆರು ಮಕ್ಕಳ ತಂದೆ, ಮೊಣಕಾಲಲ್ಲಿ ನೆಲದ ಮೇಲೆ ಓಡ್ತಾ ಇದ್ದಾರೆ. ಕೊನೆಯ ಇಪ್ಪತ್ತು ಶುರುವಾಯ್ತು. ಈಗ ಹೊಸ್ತಿಲೇ ಗೆರೆ. ಹೊಸ್ತಿಲ ಮೇಲೆ ಕೂತಿದ್ದವರನ್ನು ಎಬ್ಬಿಸಿ ಮೆಟ್ಟಿಲಿಗೆ ದಬ್ಬಿದೆವು.

"ಒಂಬತ್ತು ಗಜ. ಅವನು ಬಿದ್ದಿದ್ದಾನೆ. ಎದ್ದಿದ್ದಾನೆ." ದೊರೆಯ ಪುಸ್ತಕದ ಕನ್ನಡ ಓಡಲಿಕ್ಕೆ ಶುರುಮಾಡಿತ್ತು. "ಎಂಟು ಗಜ. ಈಗ ಮೂರು ಗಜ ಬಾಕಿ. ಮೊದಲ ಚಾನ್ಸು, ಇಲ್ಲ. ಎರಡನೆಯದು, ಇಲ್ಲ. ಮೂರನೆಯದು, ಇಲ್ಲ. ಇನ್ನು ಒಂದೇ ಚಾನ್ಸು. ಮೂರು ಗಜ. ಗಡಿಯಾರದಲ್ಲಿ ನಾಲ್ಕು ಸೆಕೆಂಡು."

ಟೇಪಿನಲ್ಲಿ ಅಪ್ಪನ ಕುರ್ಚಿ ಕಿರುಗುಟ್ಟಿತು. ಅಪ್ಪ ಎಂತದೋ ಮೆಲ್ಲಗೆ ಹೇಳಿದ. ಆಮೇಲೆ ಚಟಪಟ, ಚಟಪಟ, ಚಟಪಟ.

ಸುರುಳಿ ಮುಗಿದಿತ್ತು. ಪಟ್ಟಿಯ ತುದಿ ಬರೇ ತಿರುಗ್ತಾ ಇತ್ತು.

ಮೊದಲು ಮಾತಾಡಿದವರು ಧಣಿಗಳು. "ಬ್ಯಾಂಡು ಹಿಡಿದ, ಆಟ ಬಿಟ್ಟ. ನಿನ್ನ ಅಪ್ಪ ನಮ್ಮ ಪೈಕಿ ಮಾರಾಯ."

ದೊರೆ ನಗಲಿಲ್ಲ. ಅವನು ಟೇಪಿನ ಎದುರು ಮಂಡಿ ಊರಿ, ಆ ತುದಿಯನ್ನು ಬೆರಳಲ್ಲಿ ಹಿಡಿದು ಬೆಳಕಿಗೆ ನೋಡಿದ, ಅದರಲ್ಲಿ ಎಂತಾದರೂ ಬರೆದಿರಬಹುದು ಅನ್ನುವ ಹಾಗೆ. ವಿಮಾನದ ಅಂಚೆಯಲ್ಲಿ ಕಾಗದ ಬರೆದರೂ ಉತ್ತರ ಬರಲಿಕ್ಕೆ ಇನ್ನೊಂದು ತಿಂಗಳು. ಅವನು ಎದ್ದು ನನ್ನ ಕಡೆ ತಿರುಗಿದ. ಅವನ ಹಿಂದೆ ಇಡೀ ಮಾಳಿಗೆ ತಿರುಗಿತು.

"ಅಣ್ಣಾ, ನಿಮಗೆ ಗೊತ್ತು."

ಗೊತ್ತು. ನನಗೆ ಗೊತ್ತಿದ್ದದ್ದು ಇದು: ನಮ್ಮವರು ಸೋತದ್ದು ನಾಲ್ಕು ಪಾಯಿಂಟಿನಿಂದ. ಅಂದರೆ ಆ ಕೊನೆಯ ಚಾನ್ಸಿನಲ್ಲಿ ಗೆರೆ ದಾಟಲಿಲ್ಲ. ಹೇಗೆ ದಾಟಲಿಲ್ಲ, ಯಾರು ಓಡಿದ, ಯಾರು ಹಿಡಿದ, ಎಂತದೂ ಗೊತ್ತಿಲ್ಲ.

"ಹೇಳಿ," ಅಂದ ದೊರೆ. "ಉತ್ತರ ಮಾತ್ರ ಹೇಳಬೇಡಿ. ರೇಡಿಯೋದವನ ಹಾಗೆ ಹೇಳಿ. ನನ್ನ ತಂದೆ ಕೇಳಿದ ಹಾಗೆ."

ನಲವತ್ತೊಂದು ದಿನ ಅವನಿಗೆ ಮುಖ ಮಾಡಿ ಕುಶಾಲು ಮಾಡಿದ್ದೆನಲ್ಲ, ಈಗ ನನ್ನ ಬಾಯಿ ಒಣಗಿತು. ಗೆಲ್ಲಿಸಿ ಬಿಡುವಾ ಅಂತ ಒಂದು ಗಳಿಗೆ ಅನ್ನಿಸಿತು. ಎರಡು ಮಾತು ಸಾಕಿತ್ತು. ಆದರೆ ತಿಂಗಳಲ್ಲಿ ಅಪ್ಪನ ಕಾಗದ ಬರ್ತದೆ, ಆಗ ಅವನಿಗೆ ಈ ಮಧ್ಯಾಹ್ನ ಪೂರಾ ಸುಳ್ಳು ಅನ್ನಿಸ್ತದೆ. ಸೋಲಿಸಲೇಬೇಕು. ಸೋಲಿಸುವುದಾದರೆ ಗೆದ್ದವರಿಗೆ ಹೊಟ್ಟೆಕಿಚ್ಚು ಬರುವ ಹಾಗೆ ಸೋಲಿಸಬೇಕು.

ನಾನು ಲುಂಗಿ ಮೇಲೆ ಕಟ್ಟಿ ಅಕ್ಕಿಮುಡಿಯ ಮೇಲೆ ಹತ್ತಿದೆ. "ಗಜಕೋಲು ಹಿಡಿಯಿರಿ ಹಾಜಿಯವರೇ," ಅಂದೆ.

ನಾಲ್ಕು ಸೆಕೆಂಡಿನ ಆಟ. ನಾನು ಅದನ್ನು ಹತ್ತು ನಿಮಿಷ ಆಡಿಸಿದೆ. ನಮ್ಮವರು ಹನ್ನೊಂದು ಜನ ತಲೆಗೆ ತಲೆ ತಾಗಿಸಿ ಗುಸುಗುಸು ಮಾತಾಡಿದರು, ಅವರು ಮಾತಾಡಿದ್ದು ಎಂತ ಅಂತಲೂ ಹೇಳಿದೆ, ತುಳುವಿನಲ್ಲಿ. ಅಲ್ಲಿ ಎಂಥಾ ಚಳಿ ಅಂದರೆ ಬಾಯಿಯ ಹೊಗೆಯಲ್ಲಿ ಎದುರಿನವ ಕಾಣುವುದಿಲ್ಲ. ಚೆಂಡು ಹಿಂದೆ ಬಂತು. ಒಬ್ಬ ಹಿಡಿದ. ಬಲಕ್ಕೆ ಓಡಿದ, ಅಲ್ಲಿ ಇಬ್ಬರು. ಎಡಕ್ಕೆ ತಿರುಗಿದ, ಅಲ್ಲಿ ಮೂವರು. "ಒಬ್ಬ ಅವನ ಸೊಂಟ ಹಿಡಿದಿದ್ದಾನೆ. ಹಿಡಿದವನನ್ನು ಎಳೆದುಕೊಂಡೇ ಹೋಗ್ತಾ ಇದ್ದಾನೆ. 'ಬುಡು ಮಾರಾಯ' ಅಂತಾನೆ, ಬಿಡುವುದಿಲ್ಲ. ಒಂದು ಗಜ." ಬಟ್ಟೆ ಸರಿಯಿತು. "ಇನ್ನೊಬ್ಬ ಕಾಲಿಗೆ ಬಿದ್ದಿದ್ದಾನೆ. ಎರಡು ಗಜ." ಮೆಟ್ಟಿಲಿನವರು ಒಬ್ಬರ ಮೇಲೆ ಒಬ್ಬರು ಬಿದ್ದು ಇಣುಕುತ್ತಿದ್ದರು. ಧಣಿಗಳು ನನ್ನ ಅಕ್ಕಿಮುಡಿ ಹಿಡಿದುಕೊಂಡು, "ಹೋಗು ಮಾರಾಯ, ಹೋಗು," ಅಂತಿದ್ದರು. ತಾನು ಯಾವ ತಂಡ ಅಂತ ಅವರಿಗೆ ಮರೆತಿತ್ತು. ದೊರೆ ಎರಡೂ ಕೈ ತಲೆಯ ಮೇಲೆ ಇಟ್ಟು, ಉಗುರು ಕಚ್ಚಲಿಕ್ಕೆ ಒಂದು ಕೈ ಇಳಿಸಿ, ಮತ್ತೆ ಏರಿಸಿ, ನನ್ನ ಬಾಯಿಯನ್ನೇ ನೋಡ್ತಿದ್ದ.

"ಮೂರನೇ ಗಜ. ಅವನ ಮೇಲೆ ಈಗ ಐದು ಜನ ಇದ್ದಾರೆ. ಅವನು ಬೀಳ್ತಾ ಇದ್ದಾನೆ. ಬೀಳ್ತಾ ಕೈ ಚಾಚಿದ್ದಾನೆ. ಕೈ ತುದಿಯಲ್ಲಿ ಚೆಂಡು. ಬಿದ್ದ." ನಾನು ನಿಲ್ಲಿಸಿದೆ. ಆ ನಿಲ್ಲಿಸಿದ್ದು ಇನ್ನೂ ನನ್ನ ಕಿವಿಯಲ್ಲಿ ಉಂಟು. "ಚೆಂಡು ನಿಂತಿದೆ. ಗೆರೆಗೆ ಒಂದು ಗೇಣು ಬಾಕಿ."

ದೊರೆ ಮೆಲ್ಲಗೆ ನೆಲಕ್ಕೆ ಕೂತ. "ಒಂದು ಗೇಣು," ಅಂದ. ಸಿಟ್ಟು ಇರಲಿಲ್ಲ, ದುಃಖವೂ ಇರಲಿಲ್ಲ. ಬಹಳ ದೂರ ಓಡಿ ಬಂದವನ ಹಾಗೆ ಇದ್ದ.

ಆಗ ಬಾಗಿಲ ಹತ್ತಿರದಿಂದ ಹಾಜಿಯವರ ದನಿ ಬಂತು.

"ನೀನು ಎಂತ ಬೇಕಾದರೂ ಹೇಳು ಮಾರಾಯ. ನನ್ನ ಅಳತೆಯಲ್ಲಿ ದಾಟಿ ಆಯ್ತು."

ಎಲ್ಲರೂ ತಿರುಗಿ ನೋಡಿದೆವು. ನನ್ನ ಬಾಯಿ ನೋಡ್ತಾ ಬಟ್ಟೆ ಯಾರೂ ನೋಡಿರಲಿಲ್ಲ. ಮಲ್ಲು ಬಟ್ಟೆ ಗೋಡೆಯಿಂದ ಹೊರಟು, ಮಾಳಿಗೆಯ ಉದ್ದಕ್ಕೂ ಮಲಗಿ, ಹೊಸ್ತಿಲು ಹತ್ತಿ, ಆಚೆ ಮೆಟ್ಟಿಲಿಗೆ ಇಳಿದಿತ್ತು. ಒಂದು ಗೇಣು.

"ಕೊಸರು," ಅಂದರು ಧಣಿಗಳು. "ಹಗಲುದರೋಡೆ ಇದು."

"ಬೂಟು ಹಾಕಿ, ತಲೆಗೆ ಟೊಪ್ಪಿ ಹಾಕಿ ಅಷ್ಟು ಕಷ್ಟಪಟ್ಟು ಬಂದಿದ್ದಾರೆ. ನನ್ನ ಅಂಗಡಿಯಿಂದ ಕೊಸರು ಇಲ್ಲದೆ ಯಾರನ್ನೂ ಕಳಿಸಿದ್ದು ಇಲ್ಲ."

ದೊರೆ ಮೊದಲು ಬಟ್ಟೆ ನೋಡಿದ, ಆಮೇಲೆ ಹಾಜಿಯವರ ಹೆಬ್ಬೆರಳು ನೋಡಿದ. ಆಮೇಲೆ ನಗಲಿಕ್ಕೆ ಶುರುಮಾಡಿದ. ಆರು ಅಡಿಯ ಮನುಷ್ಯ ನೆಲದ ಮೇಲೆ ಮಗುಚಿ ಬಿದ್ದು ನಕ್ಕ. ಅದು ಹರಡಿತು, ಮೆಟ್ಟಿಲು ಇಳಿದು ರಸ್ತೆಗೆ ಹೋಯ್ತು. ಕೆಳಗೆ ಹೋಗ್ತಿದ್ದವರು ಎಂತ ಅಂತ ಕೇಳಿದ್ದಕ್ಕೆ ಯಾರೋ "ಅಮೇರಿಕದಲ್ಲಿ ನಾವು ಗೆದ್ದೆವು" ಅಂದರು. ಅವರೂ ಸೇರಿಕೊಂಡು ಬೊಬ್ಬೆ ಹೊಡೆದರು. ಬ್ಯಾಂಡಿನವರು ಇಬ್ಬರು ಓಡಿ ಹೋಗಿ ಕ್ಲಾರಿನೆಟ್ಟು ತಂದರು, ಸಾಕಾಗುವಷ್ಟು.

ಹಾಜಿಯವರು ಕತ್ತರಿ ತರಿಸಿ, ಹೊಸ್ತಿಲ ಆಚೆ ಇಳಿದ ಆ ಒಂದು ಗೇಣು ಬಟ್ಟೆಯನ್ನು ನೇರವಾಗಿ ಕತ್ತರಿಸಿ, ಮಡಚಿ, ದೊರೆಯ ಕೈಗೆ ಕೊಟ್ಟರು. ಅವನು ಅದನ್ನು ಅಪ್ಪನಿಗೆ ಅಂಚೆಯಲ್ಲಿ ಕಳಿಸಿದ. ಜೊತೆಗೆ ಕರಿಮೆಣಸಿನ ಕಷಾಯ ಮಾಡುವ ಕ್ರಮ. ಅಪ್ಪನ ಉತ್ತರ ಬಂತು. ನಿಜವಾಗಿ ಆ ಕೊನೆಯ ಚಾನ್ಸಿನಲ್ಲಿ ಯಾರೂ ಓಡಲೇ ಇಲ್ಲವಂತೆ. ಚೆಂಡು ಎಸೆದರು, ಅದು ಯಾರ ಕೈಗೂ ಸಿಗದೆ ನೆಲಕ್ಕೆ ಬಿತ್ತು, ಮುಗಿಯಿತು. ದೊರೆ ಅದನ್ನು ನಮಗೆ ಓದಿ ಹೇಳಿ, ಕಾಗದ ಮಡಚಿ ಕಿಸೆಗೆ ಹಾಕಿದ. "ಅಲ್ಲಿಯವರಿಗೆ ಪಾಪ, ಹಾಗೆ ಮುಗಿಯಿತು," ಅಂದ.

ಆಮೇಲೆ ಮಾಳಿಗೆಯಲ್ಲಿ ಯಾವ ಫೈನಲ್ ದೊಡ್ಡದು ಅಂತ ಮಾತು ಬಂದರೆ ಹಾಜಿಯವರು ಸಹ ಮಳೆಯದ್ದು ಹೇಳ್ತಿರಲಿಲ್ಲ. ನಾವು ಯಾರೂ ನೋಡದ ಆ ಫೈನಲೇ ಎಲ್ಲರದ್ದೂ. ಧಣಿಗಳು ಮಾತ್ರ ಕೊಸರಿನ ವಿಷಯದಲ್ಲಿ ಸಾಯುವವರೆಗೆ ಅಪೀಲು ಮಾಡ್ತಾ ಇದ್ದರು.

ಈಗ ಲೊಟ್ಟೆಯ ವಿಷಯ. ಕಾಗದ ನುಂಗಿದ್ದು ಅಂತೀರಾ? ಅಲ್ಲ, ಅದು ನಿಜ, ಬೆಲ್ಲ ಸಹ ನಿಜ. ಬಟ್ಟೆ? ನಿಜ. ಕೋಳಿ, ಕ್ಲಾರಿನೆಟ್ಟು, ಎತ್ತಿನಗಾಡಿ, ಎಲ್ಲ ನಿಜ. ನಾನು ಯಾರಿಗೂ ಹೇಳಲಿಲ್ಲ ಅಂದೆನಲ್ಲ, ಅದೊಂದು ಮಾತ್ರ ಲೊಟ್ಟೆ. ಪೇಪರು ಓದಿದ ದಿನವೇ ಸಂಜೆ ಹಾಜಿಯವರ ಅಂಗಡಿಗೆ ಹೋಗಿ, ಗಿರಾಕಿ ಇಲ್ಲದ ಹೊತ್ತು ನೋಡಿ, ಅವರ ಕಿವಿಯಲ್ಲಿ ಪೂರಾ ಊದಿದ್ದೆ: ನಮ್ಮವರು ಸೋತರು, ನಾಲ್ಕು ಪಾಯಿಂಟು. ಒಂದು ಗಂಟೆ ಸಹ ನನಗೆ ತಡೆಯಲಿಕ್ಕೆ ಆಗಿರಲಿಲ್ಲ. ಅವರು "ಹೂಂ" ಅಂದು ಬಟ್ಟೆ ಮಡಚ್ತಾ ಇದ್ದರು, ಅಷ್ಟೆ. ನಲವತ್ತೊಂದು ದಿನ ನಿಜವಾಗಿ ಬಾಯಿ ಮುಚ್ಚಿದ್ದು ಅವರು, ಮರ್ಯಾದೆ ತೆಗೆದುಕೊಂಡದ್ದು ನಾನು. ಹಾಗಾದರೆ ಆ ಮಧ್ಯಾಹ್ನ ಅವರ ಹೆಬ್ಬೆರಳು ಅಭ್ಯಾಸದಿಂದ ಜಾರಿತಾ, ಸೋಲು ಮೊದಲೇ ಗೊತ್ತಿದ್ದು ಬೇಕಂತಲೇ ಜಾರಿತಾ, ನಾನು ಒಮ್ಮೆಯೂ ಕೇಳಲಿಲ್ಲ. ಕೇಳಿದರೂ ನನ್ನಂಥ ಬಾಯಿಯವನಿಗೆ ಅವರು ಹೇಳ್ತಿರಲಿಲ್ಲ ಬಿಡಿ.